ನಲವತ್ತೊಂದು ದಿನ ತುಂಬಿದ್ದ ಆಲ್ಬಂ

ಬೆಳಗಿನ ಐದು ಗಂಟೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಸ್ಟೂಲಿನ ಮೇಲೆ ಕೂತ ಹೆಂಗಸು ದಪ್ಪ ರಟ್ಟನ್ನು ಕೈಪ್ರೆಸ್ಸಿನ ಬಾಯಿಗೆ ಕೊಟ್ಟು, ಹಿಡಿಯನ್ನು ಭುಜದ ಬಲವೆಲ್ಲ ಹಾಕಿ ಕೆಳಗೆಳೆಯುತ್ತಾರೆ. ದುಂಡನೆಯ ಬಿಲ್ಲೆಯೊಂದು ಡಬ್ಬಿಗೆ ಬೀಳುತ್ತದೆ, ರಟ್ಟಿನಲ್ಲಿ ತೂತು ಉಳಿಯುತ್ತದೆ. ಬಿಸಿಲೇರುವ ಮೊದಲೇ ಈ ಕೆಲಸ ಮುಗಿಯಬೇಕು. ತಂಪಿಗೆ ಮೆತ್ತಗಾದ ರಟ್ಟು ಮಧ್ಯಾಹ್ನಕ್ಕೆ ಒಣಗಿದರೆ ಅಂಚು ಕಿತ್ತು ಬರುತ್ತದೆ. ದಿನಕ್ಕೆ ಮುನ್ನೂರು ತೂತು, ಇಪ್ಪತ್ತಾರು ವರ್ಷದಿಂದ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ.

ಸ್ಮರಣಾರ್ಥ ನಾಣ್ಯ ಕೂಡಿಡುವವರಿಗೆ ಆಲ್ಬಂ ಮಾಡಿಕೊಡುವ ಇವರನ್ನು ಗಿರಾಕಿಗಳು ಕರೆಯುವುದು ತೂತಕ್ಕ ಎಂದೇ. ಅದಕ್ಕವರಿಗೆ ಬೇಸರವೇನಿಲ್ಲ. "ತೂತು ನಾಣ್ಯಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ಹೆಬ್ಬೆರಳಲ್ಲಿ ಒತ್ತಿದ್ರೆ ಟಕ್ ಅಂತ ಕೂರಬೇಕು. ಅಲುಗಾಡಿದ್ರೆ ನನ್ನ ಮರ್ಯಾದೇನೇ ಅಲುಗಾಡಿದ ಹಾಗೆ" ಎನ್ನುತ್ತಾರೆ.

ತೂತಕ್ಕನ ಮಾವನದು ಶಾಲೆ, ಕಚೇರಿಗಳ ರಿಜಿಸ್ಟರು ಹೊಲಿಯುವ ಕಸುಬು. ಕಂಪ್ಯೂಟರು ಬಂದು ಆ ಕಸುಬಿಗೆ ಕಲ್ಲು ಬಿತ್ತು. ಮಾವ, ಗಂಡ ಇಬ್ಬರೂ ತೀರಿಕೊಂಡ ಮೇಲೆ ಸೊಸೆ ಮತ್ತು ನಾದಿನಿ ಈ ಪ್ರೆಸ್ಸು ಕೊಂಡರು. ಆಗ ಟಂಕಸಾಲೆಯಿಂದ ವರ್ಷಕ್ಕೊಂದು, ಹೆಚ್ಚೆಂದರೆ ಎರಡು ಸ್ಮರಣಾರ್ಥ ನಾಣ್ಯ ಬರುತ್ತಿದ್ದವು. "ದೂರದ ನೆಂಟರು ಬಂದಷ್ಟು ಖುಷಿ ಆಗ್ತಿತ್ತು" ಎಂದು ತೂತಕ್ಕ ನೆನೆಯುತ್ತಾರೆ. ಅಂಟು ಕಲಸುತ್ತಿದ್ದ ನಾದಿನಿ ತಲೆಯೆತ್ತದೆ ಸೇರಿಸುತ್ತಾರೆ: "ಈಗ ಬಂದ ನೆಂಟರು ಜಾಗ ಖಾಲಿ ಮಾಡೋ ಮುಂಚೆ ಇನ್ನೊಂದು ಹಿಂಡು ಬಾಗಿಲು ಬಡಿಯುತ್ತೆ."

ಕಳೆದ ವರ್ಷ ಬಂದ ನಾಣ್ಯ ಮೂವತ್ತೊಂದು. ಯಾವುದೋ ಇಲಾಖೆಗೆ ಎಪ್ಪತ್ತೈದು ತುಂಬಿದ್ದಕ್ಕೊಂದು, ಅದೇ ಇಲಾಖೆ ಹೊಸ ಕಟ್ಟಡಕ್ಕೆ ಹೋದದ್ದಕ್ಕೆ ಮತ್ತೊಂದು. ಒಂದೂ ಅಂಗಡಿಯ ಗಲ್ಲಾ ಕಂಡಿಲ್ಲ, ಟಂಕಸಾಲೆಯ ಪೆಟ್ಟಿಗೆಯಿಂದ ಸೀದಾ ಸಂಗ್ರಹಕಾರರ ಬೀರುವಿಗೆ. ಯಾರು ಯಾರನ್ನು ನೆನೆಯಲಿ ಎಂದು ಇಷ್ಟೊಂದು ಲೋಹ ಅಚ್ಚೊತ್ತುತ್ತಾರೋ ಆ ದೇವರಿಗೇ ಗೊತ್ತು. ಸಂಗ್ರಹಕಾರರು ಬರೆದ ದೂರಿನ ಪತ್ರಗಳಿಗೆ ಉತ್ತರವಿಲ್ಲ. ಆ ಸಿಟ್ಟೆಲ್ಲ ಇಳಿಯುವುದು ತೂತಕ್ಕನ ಮೇಲೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "'ನೀನು ಹಾಳೆ ಮಾಡೋದಕ್ಕೇ ಅವರು ನಾಣ್ಯ ಮಾಡ್ತಾರೆ' ಅಂದ ಒಬ್ಬ ಪುಣ್ಯಾತ್ಮ."

ನಾಣ್ಯ ಹೆಚ್ಚಿದರೆ ಇವರಿಗೆ ಲಾಭವಲ್ಲವೇ? ಕೇಳಿದರೆ ನಗುತ್ತಾರೆ. "ಹತ್ತು ನಾಣ್ಯ ಕೈತಪ್ಪಿದವನು ಹನ್ನೊಂದನೇದಕ್ಕೆ ಬರಲ್ಲ ಸ್ವಾಮಿ. ಆಲ್ಬಂನೇ ಅಟ್ಟಕ್ಕೆ ಎಸೀತಾನೆ." ಅರ್ಧಕ್ಕರ್ಧ ಗಿರಾಕಿಗಳು ಹಾಗೇ ಹೋದರು.

ತಾನು ಮಾಡಿದ ಒಂದಾದರೂ ಆಲ್ಬಂ ತುಂಬಿದ್ದನ್ನು ಕಣ್ಣಾರೆ ನೋಡಬೇಕೆಂಬುದು ಇವರ ಬಹುಕಾಲದ ಆಸೆ. ಹೊಸ ನಾಣ್ಯಕ್ಕೆ ಹೊಸ ಹಾಳೆ ಸೇರಲೆಂದು ಆಲ್ಬಮ್ಮುಗಳನ್ನು ಸ್ಕ್ರೂ ಹಾಕಿಯೇ ಕಟ್ಟುತ್ತಿದ್ದರು. ಆದರೆ ಸೇತುವೆಗಳ ಚಿತ್ರವಿರುವ ಸರಣಿಯ ಇಪ್ಪತ್ನಾಲ್ಕನೆಯದೇ ಕೊನೆಯ ನಾಣ್ಯ ಎಂದು ಟಂಕಸಾಲೆ ಪ್ರಕಟಿಸಿದಾಗ ತೂತಕ್ಕ ಸ್ಕ್ರೂ ಬದಿಗಿಟ್ಟು, ಮಾವ ಕಲಿಸಿದ ಹಾಗೆ ದಾರದಲ್ಲಿ ಹೊಲಿದರು. ನೂರಾನಲವತ್ತು ಆಲ್ಬಂ. ಮೊದಲನೆಯದು ಹೋದದ್ದು ಅತಿ ಹಳೆಯ ಗಿರಾಕಿ, ನಿವೃತ್ತ ಕ್ರೇನ್ ಚಾಲಕರಿಗೆ. ಅವರು ಕೊನೆಯ ನಾಣ್ಯವನ್ನು ಈ ಮೇಜಿನ ಮೇಲೇ ಕೂರಿಸಿದರು. "ಟಕ್ ಅಂತು. ಅವರು ಕಣ್ಣೊರೆಸಿಕೊಂಡ್ರು. ನಂಗೂ ತಡೆಯೋಕೆ ಆಗಲಿಲ್ಲ."

ಅದಾದ ನಲವತ್ತೊಂದನೆಯ ದಿನ ಹೊಸ ಪ್ರಕಟಣೆ ಬಂತು: ಸೇತುವೆಗಳ ಸರಣಿ ಯಶಸ್ವಿಯಾಗಿ ಮುಗಿದದ್ದರ ನೆನಪಿಗೆ ಒಂದು ಸ್ಮರಣಾರ್ಥ ನಾಣ್ಯ. ಸರಣಿ ಸಂಖ್ಯೆ ಇಪ್ಪತ್ತೈದು.

ಹೊಲಿದ ಆಲ್ಬಮ್ಮಿಗೆ ಹಾಳೆ ಸೇರುವುದಿಲ್ಲ. ಕಂಕುಳಲ್ಲಿ ಆಲ್ಬಂ ಇಟ್ಟುಕೊಂಡು ಜನ ಬಂದರು. ಹೊಲಿ ಅಂತ ನಿನಗೆ ಹೇಳಿದವರ್‍ಯಾರು ಎಂದು ಕೂಗಾಡಿದರು. ಕ್ರೇನ್ ಚಾಲಕರು ಮಾತ್ರ ಕೂಗಲಿಲ್ಲ. ಆಲ್ಬಂ ಮೇಜಿನ ಮೇಲಿಟ್ಟು ಮುಖ ಕಿಟಕಿಯ ಕಡೆ ತಿರುಗಿಸಿದರು.

"ಇದೊಂದನ್ನ ಹೀಗೇ ಬಿಡಿ ಸಾರ್, ಹೊಸದಕ್ಕೆ ಬೇರೆ ಡಬ್ಬಿ ಮಾಡ್ಕೊಡ್ತೀನಿ ಅಂತ ಬೇಡ್ಕೊಂಡೆ. 'ಒಂದು ಹೊರಗಿದೆ ಅಂತ ಗೊತ್ತಾದ ಮೇಲೆ ಇದು ತುಂಬಿದ್ದು ಹೇಗಾಗುತ್ತಮ್ಮ? ಕತ್ತರಿಸು' ಅಂದ್ರು."

ಎರಡು ಗಂಟೆ ಹೊಲಿದದ್ದನ್ನು ತೂತಕ್ಕ ಎರಡು ನಿಮಿಷದಲ್ಲಿ ಕತ್ತರಿಸಿದರು, ಹೊಸ ಹಾಳೆ ಸೇರಿಸಿ ಸ್ಕ್ರೂ ಹಾಕಿದರು. ಹಾಳೆಗೆ ನಾಲ್ಕು ತೂತು. ಮಿಕ್ಕ ಮೂರು ಯಾವುದಕ್ಕೆಂದು ಅವರು ಕೇಳಿದಾಗ, ಇನ್ನೂ ನಾಣ್ಯ ಬರಬಹುದಂತೆ ಎಂದು ತಿಳಿದಿದ್ದ ಇವರು ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿದರು. ಅವರು ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಈಗ ಪ್ರೆಸ್ಸಿನಲ್ಲಿರುವುದು ಉಳಿದ ಗಿರಾಕಿಗಳ ಇಪ್ಪತ್ತೈದನೆಯ ನಾಣ್ಯದ ಹಾಳೆ. ಇದಕ್ಕೆ ಬಿಡಿಗಾಸೂ ಕೇಳುತ್ತಿಲ್ಲ. "ತಪ್ಪು ಅವರದ್ದು. ಆದ್ರೆ ಹೊಲಿಗೆ ನಂದಲ್ವಾ?"

ಬೆಳಕು ಕೋಣೆಗೆ ಬರುತ್ತಿದೆ. ನಿಮಗೇನು ಆಗಬೇಕು ಎಂದು ಕೇಳಿದರೆ ತೂತಕ್ಕ ಹಿಡಿಯನ್ನು ಇನ್ನೊಮ್ಮೆ ಕೆಳಗೆಳೆದು ಹೇಳುತ್ತಾರೆ.

"ಒಂದೇ ಒಂದು ವರ್ಷ, ನೆನಪಿಟ್ಕೊಳ್ಳೋ ಅಂಥದ್ದು ಲೋಕದಲ್ಲಿ ಏನೂ ನಡೀದೇ ಇರಲಿ. ಆ ಕ್ರೇನಿನವರು ಬರಲಿ. ಇನ್ನೊಂದ್ಸಲ ಹೊಲೀತೀನಿ."