ಎಡಗಾಲು ಬೇಡದ ಕಾರು

ದೆವ್ವ ಭೂತಗಳ ಮಾತು ಬಂದರೆ ನಗುತ್ತಿದ್ದವಳು ನಾನು. ಡೊಂಬಿವ್ಲಿಯ ಚಾಳಿನಲ್ಲಿ ಬೆಳೆದವಳಿಗೆ ಅಂಥ ನಂಬಿಕೆ ಬರುವುದಾದರೂ ಹೇಗೆ? ಒಂದೇ ಖೋಲಿಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾವು ಮಕ್ಕಳು ಒತ್ತೊತ್ತಾಗಿ ಮಲಗುತ್ತಿದ್ದೆವು. ದೆವ್ವ ಬಂದರೂ ಅದಕ್ಕೆ ಕಾಲಿಡಲು ಜಾಗವಿರಲಿಲ್ಲ. ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ಆದದ್ದು ನನ್ನ ಮೈಗೆ.

ಆಗ ನಾವು ನೆರೂಳದಲ್ಲಿದ್ದೆವು. ನನ್ನ ಗಂಡ ಶ್ರೀಕಂಠ ಮೈಸೂರಿನವರು, ಠಾಣೆಯ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸ. ನಾನು ವಾಶಿಯ ಒಂದು ಕಾಲೇಜಿನ ಆಫೀಸಿನಲ್ಲಿದ್ದೆ. ಒಂದು ದಿನ ಇವರು ನೌಪಾಡಾದಲ್ಲಿ ಊಟ ಮುಗಿಸಿ ಬರುವಾಗ, ಹಳೆಯ ಕಟ್ಟಡವೊಂದರ ಕಾಂಪೌಂಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಕಾರೊಂದನ್ನು ಕಂಡರು. ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು, ಕಡು ಹಸಿರು ಬಣ್ಣ, ಮಡಚುವ ಬಟ್ಟೆಯ ಚಾವಣಿ. ಮನೆಗೆ ಬಂದು ಅದರ ವಿಷಯ ಹೇಳುವಾಗ ಇವರ ಮುಖದಲ್ಲಿ ಒಂದು ಕಳೆಯಿತ್ತು. ನನ್ನನ್ನು ನೋಡಲು ಬಂದ ದಿನ ಆ ಕಳೆ ಇರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.

ಕಾರಿನ ಒಡತಿ ಡಾಕ್ಟರ್ ಸುಮತಿಬಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಅವರ ಎಡಗಾಲಿನಲ್ಲಿ ಶಕ್ತಿಯಿರಲಿಲ್ಲ. ಸಾಮಾನ್ಯ ಕಾರಿನಲ್ಲಿ ಕ್ಲಚ್ ಒತ್ತಲು ಎಡಗಾಲು ಬೇಕು. ಅದಕ್ಕೇ ಅವರು ತಾನಾಗಿ ಗೇರು ಬದಲಿಸಿಕೊಳ್ಳುವ ಈ ಆಟೊಮ್ಯಾಟಿಕ್ ಕಾರನ್ನು ಹುಡುಕಿ ಕೊಂಡಿದ್ದರಂತೆ. ಮದುವೆಯಾಗಿರಲಿಲ್ಲ. ಒಬ್ಬರೇ ನಾಸಿಕ್, ಮಹಾಬಳೇಶ್ವರ ಎಂದು ಸುತ್ತಿದ್ದರು. ಗೇರ್‌ಬಾಕ್ಸ್ ಕೆಟ್ಟ ಮೇಲೆ ಅದನ್ನು ರಿಪೇರಿ ಮಾಡಬಲ್ಲವರು ಸಿಗದೆ ಕಾರು ನಿಂತಲ್ಲೇ ನಿಂತಿತ್ತು. ಅವರ ಅಣ್ಣನ ಮಗ ಅದನ್ನು ಇವರಿಗೆ ಕೊಟ್ಟುಬಿಟ್ಟ. ಅದನ್ನು ಎಳೆಸಿಕೊಂಡು ಬಂದು ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದರು.

ಗಂಡನ ಕಾರಿನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಡತಿಯರನ್ನು ನೀವು ನೋಡಿರಬಹುದು. ನನಗೆ ಉರಿದದ್ದು ಕಾರಿನ ಮೇಲಲ್ಲ, ಸುಮತಿಬಾಯಿಯ ಮೇಲೆ. ಕಾರಿನ ಖಾನೆಯಲ್ಲಿ ಅವರ ಒಂದು ಫೋಟೊ ಸಿಕ್ಕಿತ್ತು. ಕತ್ತರಿಸಿದ ಕೂದಲು, ಕಪ್ಪು ಕನ್ನಡಕ, ಬಾಗಿಲ ಮೇಲೆ ಮೊಣಕೈ ಊರಿ ಯಾರ ಹಂಗೂ ಇಲ್ಲದವರಂತೆ ನಗುತ್ತಿದ್ದರು. ಇವರು ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡರು. ಆ ಪರ್ಸಿನಲ್ಲಿ ನನ್ನ ಫೋಟೊ ಇರಲಿಲ್ಲ.

"ಆ ಕಾಲಿಟ್ಕೊಂಡು ಒಬ್ರೇ ಘಾಟ್ ಹತ್ತುತ್ತಿದ್ರಂತೆ ಕಣೇ! ಎಂಥ ಹೆಂಗಸು ನೋಡು," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

"ನಾನೂ ಎರಡು ಕಾಲಿಟ್ಕೊಂಡು ದಿನಾ ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತುತ್ತೀನಿ, ರೀ," ಎಂದೆ ಒಮ್ಮೆ. ಇವರಿಗೆ ಕೇಳಿಸಲಿಲ್ಲ.

ನನಗೆ ಡ್ರೈವಿಂಗ್ ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ನಮ್ಮ ಮನೆಯ ಚಿಕ್ಕ ಕಾರನ್ನು ಮುಟ್ಟಲು ಹೋದರೆ "ಟ್ರಾಫಿಕ್ ಜಾಸ್ತಿ, ಯಾಕೆ ಸುಮ್ನೆ" ಎನ್ನುತ್ತಿದ್ದರು. ಹಾಗೆ ಹೇಳುವ ಮನುಷ್ಯ ಸತ್ತ ಹೆಂಗಸೊಬ್ಬಳು ಕಾರು ಓಡಿಸಿದ ಬಗೆಯನ್ನು ಹೊಗಳುವಾಗ ಹೇಗಾಗುತ್ತದೆ ಎಂದು ನೀವೇ ಊಹಿಸಿ.

ಉಲ್ಹಾಸನಗರದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಜಗ್ಗುಭಾಯಿ ಎಂಬವರು ಭಾನುವಾರಗಳಲ್ಲಿ ಬರತೊಡಗಿದರು. ಗೇರ್‌ಬಾಕ್ಸನ್ನು ಇಳಿಸಿ, ಮೇಲೆ ನಮ್ಮ ಬಾಲ್ಕನಿಗೆ ತಂದು, ಇಬ್ಬರೂ ಕೂತು ಬಿಚ್ಚಿದರು. ಅದರ ಒಳಗನ್ನು ನಾನೂ ಇಣುಕಿ ನೋಡಿದೆ. ಇರುವೆ ಗೂಡಿನ ಹಾಗೆ ಸುತ್ತಿ ಸುತ್ತಿ ಹೋಗುವ ಸಣ್ಣ ಸಣ್ಣ ಕಾಲುವೆಗಳು. ಅವುಗಳಲ್ಲಿ ಹರಿಯುವ ಎಣ್ಣೆಯ ಒತ್ತಡದಿಂದಲೇ ಗೇರು ಬದಲಾಗುವುದಂತೆ. ಆ ಎಣ್ಣೆ ಕುಂಕುಮ ಕದಡಿದ ನೀರಿನಷ್ಟು ಕೆಂಪು. ಬಿಚ್ಚಿದ ಬಿಲ್ಲೆಗಳು, ಸ್ಪ್ರಿಂಗುಗಳೆಲ್ಲ ನನ್ನ ಮದುವೆಗೆ ಬಂದ ಸ್ಟೀಲ್ ತಟ್ಟೆಗಳ ಮೇಲೆ ಸಾಲಾಗಿ ಕೂತವು. ನನ್ನ ಬೆನ್ನಿಗೆ ಮುಲಾಮು ಹಚ್ಚಲು ಕೇಳಿದರೆ ನಿದ್ದೆ ಬರುತ್ತಿದ್ದ ಮನುಷ್ಯ, ಒಂದೊಂದು ಬಿಲ್ಲೆಯನ್ನೂ ಎಣ್ಣೆಯಲ್ಲಿ ನೆನೆಸಿ, ಬಾಣಂತಿ ಕೂಸನ್ನು ಎತ್ತುವಂತೆ ಎತ್ತುತ್ತಿದ್ದರು. ಕೆಟ್ಟುಹೋದ ಭಾಗಗಳನ್ನು ಹೊರದೇಶಕ್ಕೆ ಹೋಗಿಬರುವ ಸಹೋದ್ಯೋಗಿಯೊಬ್ಬರು ತಂದುಕೊಟ್ಟರು. ಮಳೆಗಾಲ ಕಳೆಯುವಷ್ಟರಲ್ಲಿ ಗೇರ್‌ಬಾಕ್ಸ್ ಮತ್ತೆ ಕೂಡಿಕೊಂಡು ಕಾರಿನೊಳಗೆ ಕೂತಿತು.

ಮೊದಲ ಸಲ ಓಡಿಸುವುದು ಆಯುಧಪೂಜೆಯ ದಿನವೇ ಎಂದು ಇವರು ಹಟ ಹಿಡಿದರು. ಬೆಳಿಗ್ಗೆ ನಾನು ಚೆಂಡು ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಬಿಲ್ಡಿಂಗಿನ ಅರ್ಧ ಜನ ನೋಡಲು ಇಳಿದು ಬಂದಿದ್ದರು. ಇವರು ಕೂತು ಎಂಜಿನ್ ಹಚ್ಚಿ, ಗೇರಿನ ಲಿವರನ್ನು 'ಡಿ'ಗೆ, ಅಂದರೆ ಮುಂದಕ್ಕೆ ಓಡುವ ಗುರುತಿಗೆ ಎಳೆದು ಆಕ್ಸಿಲರೇಟರ್ ಒತ್ತಿದರು. ಎಂಜಿನ್ನು ಗರ್ಜಿಸಿತು. ಕಾರು ಅಲುಗಲಿಲ್ಲ. ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು.

"ಧಕ್ಕಾ ದೇಊ ಕಾ?" ಎಂದು ಸೊಸೈಟಿಯ ಸೆಕ್ರೆಟರಿ ಪಾಟೀಲರು ಮರಾಠಿಯಲ್ಲಿ ಕೇಳಿದರು. ದೂಡಲೇ ಎಂದು. ಸುತ್ತಲಿದ್ದವರು ನಕ್ಕರು. ಇವರ ಕಿವಿ ಕೆಂಪಾಯಿತು.

ಜಗ್ಗುಭಾಯಿ ಎಣ್ಣೆಯ ಒತ್ತಡ ಅಳೆದು, "ಪ್ರೆಶರ್ ಬರಾಬರ್ ಹೈ ಸಾಬ್. ಚಲ್ನಾ ಚಾಹಿಯೇ," ಎಂದು ತಲೆ ಕೆರೆದುಕೊಂಡರು. ಒತ್ತಡ ಸರಿಯಾಗಿದೆ, ಓಡಲೇಬೇಕು ಎಂದು. ತಾವೇ ಕೂತು ನೋಡಿದರು. ಅವರಿಗೂ ಆಗಲಿಲ್ಲ. ಕೊನೆಗೆ ಇವರು ನನ್ನ ಕಡೆ ತಿರುಗಿ, "ನೀನು ಕೂತ್ಕೊಂಡು ಬರೀ ಲಿವರ್ ಹಾಕು. ಕೆಳಗಿನ ರಾಡ್ ತಿರುಗುತ್ತಾ ಇಲ್ವಾ ನಾನು ಪಕ್ಕದಿಂದ ಬಗ್ಗಿ ನೋಡ್ತೀನಿ," ಎಂದರು.

ಅಷ್ಟು ತಿಂಗಳಲ್ಲಿ ಆ ಕಾರಿನೊಳಗೆ ಕೂತುಕೋ ಎಂದು ನನಗೆ ಯಾರೂ ಹೇಳಿರಲಿಲ್ಲ. ಸೀಟು ತೀರ ತಗ್ಗಿನಲ್ಲಿತ್ತು, ಬೇರೆ ಯಾರದೋ ಮೈಯ ಅಳತೆಗೆ ಕುಸಿದಿತ್ತು. ಬಲಗಾಲಿನಿಂದ ಬ್ರೇಕ್ ಒತ್ತಿ ಹಿಡಿದು ಲಿವರನ್ನು 'ಡಿ'ಗೆ ಎಳೆದೆ.

ಆ ಕ್ಷಣ ನನ್ನ ಎಡಗಾಲು ಇಲ್ಲವಾಯಿತು.

ಜೋಮು ಹಿಡಿಯಿತು ಎಂದಲ್ಲ. ಜೋಮು ಹಿಡಿದರೆ ಕಾಲು ಇದೆ ಎಂದಾದರೂ ಗೊತ್ತಾಗುತ್ತದೆ. ಇದರಲ್ಲಿ ಸೊಂಟದಿಂದ ಕೆಳಗೆ ಎಡಬದಿಯಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಸೀರೆಯ ನೆರಿಗೆ ಕಾಣುತ್ತಿತ್ತು, ಅದರ ಕೆಳಗೆ ನನ್ನದೇ ಪಾದ, ನನ್ನದೇ ಕಾಲುಂಗುರ. ಆದರೆ ಯಾರೋ ತಂದು ಅಲ್ಲಿ ಇಟ್ಟುಹೋದ ವಸ್ತುವಿನಂತೆ ಅದು ಬಿದ್ದುಕೊಂಡಿತ್ತು. ಕಾರು ಮುಂದಕ್ಕೆ ಜಗ್ಗಿತು. ಗಾಬರಿಯಲ್ಲಿ ಬಲಗಾಲು ಬ್ರೇಕಿನಿಂದ ಸರಿಯಿತು. ಎರಡೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಇವರು ಕೈ ಹಿಂದಕ್ಕೆ ಎಳೆದುಕೊಂಡು ಪಕ್ಕಕ್ಕೆ ಉರುಳಿದರು. ಜನ ಚಪ್ಪಾಳೆ ತಟ್ಟಿದರು. ನಾನು ಹೇಗೋ ನಿಲ್ಲಿಸಿ ಲಿವರನ್ನು ನಿಲುಗಡೆಯ 'ಪಿ'ಗೆ ತಳ್ಳಿದೆ. ಕಾಲು ವಾಪಸು ಬಂತು.

ಇವರು ಬಟ್ಟೆಯ ಧೂಳು ಕೊಡವಿಕೊಂಡು, ನನ್ನನ್ನು ಇಳಿಸಿ, ತಾವು ಕೂತರು. ಕಾರು ಅಲುಗಲಿಲ್ಲ. ಮತ್ತೆ ನಾನು ಕೂತೆ. ಹೊರಟಿತು. ಆಗ ನಾನು ಇವರ ಮುಖ ನೋಡಿದೆ. ಸುಮತಿಬಾಯಿಯ ಫೋಟೊ ನೋಡುವಾಗ ನನ್ನ ಮುಖ ಹೇಗಿರುತ್ತಿತ್ತೋ, ಹಾಗೇ ಇತ್ತು. ಕಾಲಿನ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಆ ಮೇಲಿನ ಭಾನುವಾರಗಳಲ್ಲೆಲ್ಲ ಹೀಗೇ ನಡೆಯಿತು. ಮೊದಲು ಇವರು ಕೂತು ಸೋಲುತ್ತಿದ್ದರು, ಆಮೇಲೆ ನಾನು ಕೂರುತ್ತಿದ್ದೆ. ಪಾಮ್ ಬೀಚ್ ರಸ್ತೆಯಲ್ಲಿ ಚಾವಣಿ ಮಡಚಿ ಹೋಗುವಾಗ ಒಂದೊಂದೇ ಗೇರು ತುಪ್ಪದ ಮೇಲೆ ಜಾರಿದ ಹಾಗೆ ಬದಲಾಗುತ್ತಿತ್ತು. ಎಡಗಾಲು ಪ್ರತಿ ಸಲವೂ ಇಲ್ಲವಾಗುತ್ತಿತ್ತು, ಇಳಿಯುವಾಗ ಬರುತ್ತಿತ್ತು. ಅಚ್ಚರಿಯೆಂದರೆ ನನಗೆ ಅದು ರೂಢಿಯಾಯಿತು. ಆ ಕಾಲಿಲ್ಲದ ಹೊತ್ತಿನಲ್ಲಿ ನಾನು ಬೇರೆಯೇ ಆಗಿರುತ್ತಿದ್ದೆ. ಹಾರನ್ ಹೊಡೆದವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಮುಂದಿನ ಗೇರು ಯಾವಾಗ ಬೀಳುತ್ತೆ ಅಂತ ಮೊದಲೇ ಗೊತ್ತಾಗುತ್ತಾ ನಿಂಗೆ?" ಎಂದು ಒಂದು ದಿನ ಪಕ್ಕದಲ್ಲಿ ಕೂತಿದ್ದ ಇವರು ಕೇಳಿದರು.

"ಗೊತ್ತಾಗುತ್ತೆ," ಎಂದೆ. ಹಾಗೆ ಹೇಳುವಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಮರುದಿನದಿಂದ ಕಾರಿನ ಕೀಲಿ ಇವರ ಆಫೀಸಿನ ಬ್ಯಾಗಿನೊಳಗೆ ಹೋಯಿತು.

ಒಂದು ಶನಿವಾರ ನನಗೆ ರಜೆಯಿತ್ತು. ಇವರು ಬ್ಯಾಗು ಬಿಟ್ಟು ಆಫೀಸಿಗೆ ಹೋಗಿದ್ದರು. ನಾನು ಕೀಲಿ ತೆಗೆದುಕೊಂಡು ಒಬ್ಬಳೇ ಶಿಳ್‌ಫಾಟಾ ರಸ್ತೆಯಲ್ಲಿ ಡೊಂಬಿವ್ಲಿಗೆ, ತವರಿಗೆ ಹೊರಟೆ. ಚಾಳಿನ ಮುಂದೆ ಕಾರು ನಿಲ್ಲಿಸಿದಾಗ ಮಧ್ಯಾಹ್ನದ ಊಟದ ಹೊತ್ತು. ಅಮ್ಮ ಬಾಗಿಲಲ್ಲಿ ಕೂತು ಬಸಳೆ ಬಿಡಿಸುತ್ತಿದ್ದಳು. ನಮ್ಮದು ಉಡುಪಿ ಕಡೆ. ಇಷ್ಟು ವರ್ಷ ಇಲ್ಲಿದ್ದರೂ ಅಮ್ಮನ ಮಾತು ಬದಲಾಗಿರಲಿಲ್ಲ.

"ಎಂತ ಆಯ್ತು ಮಗಾ ಕಾಲಿಗೆ? ಬಿದ್ದಿಯಾ?" ಎಂದು ಎದ್ದು ಬಂದಳು.

"ಎಂತದೂ ಇಲ್ಲಮ್ಮ."

"ಎಂತದೂ ಇಲ್ವಾ? ಈಗ ಎರಡೂ ಕೈಯಲ್ಲಿ ಕಾಲನ್ನು ಎತ್ತಿ ಹೊರಗೆ ಇಟ್ಟೆ ಅಲ್ವಾ ನೀನು, ಕೊರಡನ್ನು ಎತ್ತಿ ಇಟ್ಟ ಹಾಗೆ? ನಾನು ಕಣ್ಣಾರೆ ನೋಡಿದೆ ಮಾರಾಯ್ತಿ."

ಕೆಳಗೆ ನೋಡಿದೆ. ನನ್ನ ಎರಡೂ ಕೈಗಳು ಎಡಮೊಣಕಾಲಿನ ಕೆಳಗೆ ಹಿಡಿದುಕೊಂಡೇ ಇದ್ದವು. ಹಾಗೆ ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ. ಎಂಜಿನ್ ಆರಿತ್ತು, ಲಿವರು 'ಪಿ'ಯಲ್ಲಿತ್ತು. ಅಷ್ಟು ಹೊತ್ತಿಗೆ ಕಾಲು ಬರಬೇಕಿತ್ತು. ಬಂದಿರಲಿಲ್ಲ.

ಅಮ್ಮನೂ ಪಕ್ಕದ ಮನೆಯವರೂ ಹಿಡಿದು ಒಳಗೆ ಕರೆದೊಯ್ದರು. ಅಮ್ಮ ಎಣ್ಣೆ ಬಿಸಿಮಾಡಿ ತಿಕ್ಕಿದಳು. ಅವಳ ಕೈ ನನ್ನ ಕಾಲಿನ ಮೇಲೆ ಓಡಾಡುವುದನ್ನು ನಾನು ಬೇರೆಯವರ ಕಾಲಿನ ಮೇಲೆ ಓಡಾಡುವಂತೆ ನೋಡುತ್ತಿದ್ದೆ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಬೆರಳುಗಳಿಂದ ಶುರುವಾಗಿ ಕಾಲು ಮೆಲ್ಲಗೆ ಬಂತು.

ಫೋನ್ ಮಾಡಿದ್ದರಿಂದ ಇವರು ಲೋಕಲ್ ಹಿಡಿದು ಬಂದರು. ಅಮ್ಮನ ಎದುರಿಗೇ ಎಲ್ಲವನ್ನೂ ಹೇಳಿದೆ. ಇವರು ತಲೆ ತಗ್ಗಿಸಿ ಕೇಳಿದರು. ಈಗ ಕಾಲು ಹೇಗಿದೆ ಎಂದು ಕೇಳುತ್ತಾರೆ ಎಂದುಕೊಂಡೆ.

"ಸುಮತಿಬಾಯಿ ನಿನ್ನನ್ನೇ ಯಾಕೆ ಆರಿಸ್ಕೊಂಡ್ರು?" ಎಂದರು.

ಅಮ್ಮ ಎಣ್ಣೆಯ ಬಟ್ಟಲು ಕೆಳಗಿಟ್ಟು, "ನೀವು ಮೊದಲು ಆ ಕಾರನ್ನು ನಮ್ಮ ಬಾಗಿಲಿಂದ ತೆಗೆಸಿ," ಎಂದಳು. ಅಳಿಯನ ಜೊತೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಇವರು ಹೊರಗೆ ಹೋದರು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಕಾರಿನಲ್ಲಿ ಕೂತು, ಸ್ಟಿಯರಿಂಗ್ ಹಿಡಿದು, ಏನೋ ಮಾತಾಡುತ್ತಿದ್ದರು. ಬೇಡಿಕೊಳ್ಳುವವರ ಮುಖ ಹಾಗಿರುತ್ತದೆ. ಕಾರು ಅಲುಗಲಿಲ್ಲ. ಮರುದಿನ ಅದನ್ನು ಉಲ್ಹಾಸನಗರಕ್ಕೆ ಎಳೆದುಕೊಂಡು ಹೋದರು.

ವಾಶಿಯ ನರರೋಗ ತಜ್ಞರು ಪರೀಕ್ಷೆ ಮಾಡಿ, ಸೀಟು ತಗ್ಗಿದ್ದುದರಿಂದ ನರ ಒತ್ತಿರಬೇಕು ಎಂದರು. ಜಗ್ಗುಭಾಯಿ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿ, ಒಂದು ವಾಲ್ವ್ ಒಮ್ಮೊಮ್ಮೆ ಅಂಟಿಕೊಳ್ಳುತ್ತಿತ್ತು ಎಂದು ಹೇಳಿ ಅದನ್ನು ತಿದ್ದಿದರು. ಅಲ್ಲಿಂದ ಮುಂದೆ ಕಾರು ಯಾರು ಕೂತರೂ ಓಡಿತು. ಡಾಕ್ಟರು ಹೇಳಿದ್ದೂ ಸರಿ ಇರಬಹುದು, ಜಗ್ಗುಭಾಯಿ ಹೇಳಿದ್ದೂ ಸರಿ ಇರಬಹುದು. ಸುಮತಿಬಾಯಿಯ ಕಾಲಿನ ಕತೆ ಮೊದಲೇ ಗೊತ್ತಿದ್ದುದರಿಂದ ನನ್ನ ಮನಸ್ಸೇ ಆಟ ಆಡಿತು ಎಂದೂ ನಾನು ಹೇಳಿಕೊಂಡಿದ್ದೇನೆ. ಆದರೆ ಕಾರಿಗೆ ಮನಸ್ಸಿಲ್ಲವಲ್ಲ. ನನ್ನ ನರ ಒತ್ತಿದ ಕ್ಷಣಕ್ಕೇ, ಪ್ರತಿ ಸಲವೂ, ಆ ವಾಲ್ವ್ ಯಾಕೆ ಬಿಟ್ಟುಕೊಳ್ಳುತ್ತಿತ್ತು? ಸತ್ತ ಕಾಲನ್ನು ಎತ್ತಿಡುವ ರೀತಿ ನನ್ನ ಕೈಗಳಿಗೆ ಯಾರು ಕಲಿಸಿದರು?

ವರ್ಕ್‌ಶಾಪಿನಿಂದ ಇವರೇ ಕಾರು ಓಡಿಸಿಕೊಂಡು ಬಂದರು. ನಾನು ಪಕ್ಕದಲ್ಲಿ ಕೂತಿದ್ದೆ. ಗೇರುಗಳು ಚೆನ್ನಾಗಿ ಬದಲಾಗುತ್ತಿದ್ದವು. ಕಲ್ಯಾಣದ ಒಂದು ಸಿಗ್ನಲ್ಲಿನಲ್ಲಿ ಇವರು, "ಕಾಲು?" ಎಂದರು. "ಸರಿಯಾಗಿದೆ," ಎಂದೆ. ಇವರ ಮುಖ ಇಳಿಯಿತು. ನನ್ನದೂ ಇಳಿದಿರಬೇಕು. ನೆಂಟರು ಹೇಳದೆ ಎದ್ದುಹೋದ ಮನೆಯಲ್ಲಿ ಕೂತವರಂತೆ ನೆರೂಳದವರೆಗೆ ಕೂತು ಬಂದೆವು.

ಮುಂದಿನ ವರ್ಷ ಕಾರನ್ನು ನಾಸಿಕ್‌ನ ಒಬ್ಬರಿಗೆ ಮಾರಿದೆವು. ಕೆಲವು ತಿಂಗಳ ಮೇಲೆ ಅವರು ಫೋನ್ ಮಾಡಿದರು. ಇವರು ಸ್ಪೀಕರಿಗೆ ಹಾಕಿದ್ದರು. "ಮೇರೇ ಹಾಥ್ ಮೇ ತೋ ಹಿಲ್ತೀ ಹೀ ನಹೀ! ಮಿಸೆಸ್ ಹೀ ಚಲಾತೀ ಹೈ," ಎಂದು ಆ ಮನುಷ್ಯ ನಗುತ್ತಿದ್ದ. ತನ್ನ ಕೈಯಲ್ಲಿ ಅದು ಅಲುಗುವುದೇ ಇಲ್ಲ, ಹೆಂಡತಿಯೇ ಓಡಿಸುತ್ತಾಳೆ ಎಂದು. ಹೆಂಡತಿಯ ಕಾರಿನ ಹುಚ್ಚಿನ ಬಗ್ಗೆ ತಮಾಷೆ ಮಾಡಿದನೋ, ಇದ್ದದ್ದನ್ನೇ ಹೇಳಿದನೋ ಗೊತ್ತಾಗಲಿಲ್ಲ. ಅವರ ಹೆಂಡತಿಯ ಕಾಲು ಹೇಗಿದೆ ಕೇಳಿ ಎಂದು ನಾನು ಸನ್ನೆ ಮಾಡಿದೆ. ಇವರು ಕೇಳದೆ ಫೋನ್ ಇಟ್ಟರು.

ಆ ನಂಬರು ಇನ್ನೂ ನನ್ನ ಹತ್ತಿರವಿದೆ. ನಾನೂ ಕೇಳಿಲ್ಲ. ಏನೂ ಆಗಿಲ್ಲ ಎಂದು ಆಕೆ ಹೇಳಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಹೌದು, ನನಗೂ ಹಾಗೇ ಆಗುತ್ತದೆ ಎಂದರೆ ನನಗೆ ಆಕೆಯ ಬಗ್ಗೆ ಮರುಕ ಹುಟ್ಟಬೇಕು. ಆದರೆ ಆಗ ನನ್ನಲ್ಲಿ ಹುಟ್ಟುವುದು ಮರುಕವಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.