ಗೇಟಿನ ಮುಂದೆ ಸತ್ತರೆಂದು ನಾನು ಬರೆದವರು

ನಾನು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನು. ರೈಟರ್ ಅಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಪೇದೆ. ಯಾವ ಠಾಣೆ ಅನ್ನುವುದನ್ನು ಹೇಳುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಓಡಾಡುವವರು ಒಂದಲ್ಲ ಒಂದು ಸಲ ಅದರ ಮುಂದೆ ಹಾದುಹೋಗಿರುತ್ತಾರೆ. ನಾನು ಚನ್ನರಾಯಪಟ್ಟಣದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದೆ. ಅಕ್ಷರ ದುಂಡಗಿತ್ತು. ಆ ಅಕ್ಷರದಿಂದ ನನಗೆ ಬಿಸಿಲಿನ ಬಂದೋಬಸ್ತು ತಪ್ಪಿ ಕುರ್ಚಿ ಸಿಕ್ಕಿತು. ಅದೇ ಅಕ್ಷರದಿಂದ ಜನ ಸತ್ತರು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಮನೆಯವಳಿಗೂ.

ನಮ್ಮ ಸರಹದ್ದಿನಲ್ಲಿ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹೋಗುತ್ತಿತ್ತು. ಏರಿ ಮುಗಿಯುವಲ್ಲಿ, ತೂಬಿನ ಪಕ್ಕ, ಅದು ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ ಇಳಿಯುತ್ತಿತ್ತು. ಬದಿಯಲ್ಲಿ ಲಂಟಾನ ಬೆಳೆದು ಎದುರಿಂದ ಬರುವುದು ಕಾಣುತ್ತಿರಲಿಲ್ಲ. ತೂಬಿನ ತಿರುವು ಅನ್ನುತ್ತಿದ್ದರು. ಅಲ್ಲಿಂದ ಒಂದು ಮೈಲಿಯಷ್ಟು ಮುಂದೆ ಗೇಟು. ಒಳಗಿನ ಹಳ್ಳಿಗೆ ದಾರಿ ಒಡೆದು ಬಸ್ಸು ನಿಲ್ಲುವ ಜಾಗಕ್ಕೆ ನಮ್ಮ ಕಡೆ ಗೇಟು ಅನ್ನುತ್ತಾರೆ. ಅಲ್ಲಿ ರಸ್ತೆ ನೂಲು ಹಿಡಿದ ಹಾಗೆ ನೇರ. ಒಂದು ಹೋಟೆಲು, ಒಂದು ಸೈಕಲ್ ಶಾಪು, ಎರಡಕ್ಕೂ ಸೇರಿದ ಹಾಗೆ ಒಂದು ಹೊಂಗೆ ಮರ.

ಅಪಘಾತ ಆಗುತ್ತಿದ್ದದ್ದು ತಿರುವಿನಲ್ಲಿ. ನಾನು ಬರೆಯುತ್ತಿದ್ದದ್ದು ಗೇಟಿನಲ್ಲಿ.

ಇದರಲ್ಲಿ ದುಡ್ಡು ತಿಂದದ್ದೇನೂ ಇಲ್ಲ. ತಿಂದಿದ್ದರೆ ಒಪ್ಪಿಕೊಳ್ಳುವುದು ಇನ್ನೂ ಸುಲಭವಿತ್ತೇನೋ. ಅಪಘಾತವಾದ ಜಾಗದಲ್ಲೇ ಸ್ಥಳ ಮಹಜರು ಬರೆಯಬೇಕು, ಅಂದರೆ ಎಲ್ಲಿ ಏನಾಗಿದೆ ಅಂತ ನೋಡಿ ಬರೆದು, ಸಾಕ್ಷಿಗೆ ನಿಂತ ಇಬ್ಬರು ಪಂಚರ ಮುಂದೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ತಿರುವಿನಲ್ಲಿ ನೆರಳಿರಲಿಲ್ಲ, ಕೂರಲು ಕಲ್ಲಿರಲಿಲ್ಲ, ಸಹಿ ಹಾಕಲು ಜನ ಇರಲಿಲ್ಲ. ನಾವು ಹೋಗುವ ಹೊತ್ತಿಗೆ ಗಾಯಾಳುಗಳನ್ನೂ ಜಜ್ಜಿದ ಗಾಡಿಯನ್ನೂ ಗೇಟಿಗೆ ತಂದಿರುತ್ತಿದ್ದರು. ಹೋಟೆಲಿನ ಮೇಜಿತ್ತು, ಕಾಫಿ ಇತ್ತು. ಹೋಟೆಲಿನವನು ಒಬ್ಬ ಪಂಚ, ಸೈಕಲ್ ಶಾಪಿನವನು ಇನ್ನೊಬ್ಬ. ಮೊದಲ ಸಲ 'ಗೇಟಿನ ಹೋಟೆಲಿನ ಎದುರು' ಎಂದು ಬರೆದು ನಕ್ಷೆ ಹಾಕಿದೆ. ಎರಡನೆಯ ಸಲ ಅದೇ ನಕ್ಷೆ ನೋಡಿಕೊಂಡು ಹಾಕಿದೆ. ಆಮೇಲೆ ನೋಡುವ ಅಗತ್ಯವೂ ಬೀಳಲಿಲ್ಲ. ಹೊಂಗೆ ಮರ ಎಷ್ಟು ಅಡಿ, ಹೋಟೆಲು ಎಷ್ಟು ಅಡಿ, ಎಲ್ಲ ಕೈಗೆ ಬಂದಿತ್ತು.

ಹೋಟೆಲಿನವನು ತಮಾಷೆ ಮಾಡುತ್ತಿದ್ದ. "ಸತ್ತೋರ್ನೆಲ್ಲಾ ನನ್ನ ಓಟ್ಲು ಮುಂದ್ಕೇ ತಂದಾಕ್ತೀಯಲ್ಲ ಸಾ, ಇವ್ನ ಇಡ್ಲಿ ತಿಂದೇ ಸತ್ರು ಅಂದ್ಕಳಾಕಿಲ್ವಾ ಜನ?"

"ನಿನ್ನ ಇಡ್ಲಿನ ಲಾರಿಗೆ ಎಸುದ್ರೆ ಲಾರಿಯೇ ನಿಂತೋಯ್ತದೆ ಬಿಡ್ಲಾ," ಎನ್ನುತ್ತಿದ್ದ ಸೈಕಲ್ ಶಾಪಿನವನು, ಗ್ರೀಸಿನ ಕೈ ಒರೆಸಿಕೊಂಡು ಪೆನ್ನು ಹಿಡಿಯುತ್ತ. ಅವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರಿನ ನಾಲ್ಕು ಅಕ್ಷರ ಮಾತ್ರ ಬರೆಯುತ್ತಿದ್ದ, ನಾಲಗೆ ಕಚ್ಚಿಕೊಂಡು, ಬಹಳ ಹೊತ್ತು ಹಿಡಿದು. ತಿರುವಿನಲ್ಲಿ ಏನಾದರೂ ಶಬ್ದವಾದರೆ ಮೊದಲು ನೀರಿನ ಕೊಡ ಹಿಡಿದು ಸೈಕಲ್ಲಿನಲ್ಲಿ ಹೋಗುತ್ತಿದ್ದವನೂ ಅವನೇ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಒಬ್ಬ ಎಂಜಿನಿಯರ್ ಹುಡುಗಿ ಹಾಸನದಿಂದ ಠಾಣೆಗೆ ಬಂದಳು. ಜಿಲ್ಲೆಯ ರಸ್ತೆಗಳಲ್ಲಿ ಮುಂದೆ ಎಲ್ಲಿ ಅಪಘಾತ ಆಗಬಹುದು ಎಂದು ಮೊದಲೇ ಲೆಕ್ಕ ಹಾಕಿ, ಅಲ್ಲಿ ರಸ್ತೆ ಸರಿ ಮಾಡಿಸುವ ಕೆಲಸ ಅವಳದು. ಇನ್‌ಸ್ಪೆಕ್ಟರು ಅವಳನ್ನು ನನ್ನ ಮೇಜಿಗೆ ಕಳಿಸಿ, "ಜೋಯಿಸ್ರು ಬಂದವ್ರೆ ನೋಡ್ರೀ, ನಿಮ್ಮ ಕಟ್ಟುಗಳನ್ನ ತೋರ್ಸಿ," ಎಂದು ನಕ್ಕರು. ನಾನೂ ನಕ್ಕೆ.

ಅವಳು ನಗಲಿಲ್ಲ. ಐದು ವರ್ಷದ ಕಾಗದ ಕೂತು ಓದಿದಳು. "ಎಷ್ಟು ಚಂದ ಬರೀತೀರಿ, ಒಂದು ಚಿತ್ತಿಲ್ಲ," ಎಂದಳು. ನನಗೆ ಎದೆ ಉಬ್ಬಿತು. ಒಂದು ತಿಂಗಳು ರಸ್ತೆಯಲ್ಲಿ ಗಾಡಿ ಎಣಿಸಿದಳು, ತಿರುವುಗಳನ್ನು ಟೇಪು ಹಿಡಿದು ಅಳೆದಳು. ಆಮೇಲೆ ಮತ್ತೆ ಬಂದು ನನ್ನ ಎದುರು ಕೂತಳು. ಮುಖ ಚಿಕ್ಕದಾಗಿತ್ತು.

"ರೈಟ್ರೇ, ಒಂದು ಗೊಂದಲ ಇದೆ. ನಿಮ್ಮ ಮನೇಲಿ ಹಸು ಇದೆಯಾ?"

ದುದ್ದದ ಹತ್ತಿರ ತಮ್ಮನ ಮನೆಯಲ್ಲಿದೆ ಎಂದೆ.

"ಹೊಸ ಹಸು ತಂದ್ರೆ, ತಳಿ, ವಯಸ್ಸು, ಕೆಚ್ಚಲು ನೋಡಿ ಇಷ್ಟು ಹಾಲು ಕೊಡಬಹುದು ಅಂತ ಅಂದಾಜು ಮಾಡ್ತೀರಿ. ಆಮೇಲೆ ಕರೆದು ನೋಡ್ತೀರಿ. ಅಂದಾಜು, ಕರೆದದ್ದು, ಎರಡನ್ನೂ ತೂಗಿ, ಮುಂದೆ ಇಷ್ಟು ಕೊಡುತ್ತೆ ಅಂತ ತೀರ್ಮಾನಿಸ್ತೀರಿ. ನನ್ನ ಲೆಕ್ಕವೂ ಅಷ್ಟೆ. ರಸ್ತೆಯ ಅಗಲ, ತಿರುವು, ಗಾಡಿಗಳು, ಇದನ್ನೆಲ್ಲ ನೋಡಿದ್ರೆ ಆ ಕೆರೆ ತೂಬಿನ ಹತ್ತಿರ ಜನ ಸಾಯಲೇಬೇಕು. ನಿಮ್ಮ ಕಾಗದದಲ್ಲಿ ಅಲ್ಲಿ ಒಬ್ಬರೂ ಸತ್ತಿಲ್ಲ. ಏನೂ ಇಲ್ಲದ ನೇರ ರಸ್ತೇಲಿ ಸಾಲು ಸಾಲಾಗಿ ಸತ್ತಿದ್ದಾರೆ."

ನಾನು ಕಟ್ಟಿನ ದಾರ ಬಿಗಿಯತೊಡಗಿದೆ.

"ಕರೆದವರು ಸರಿಯಾಗಿ ಬರೆದಿದ್ರೆ ಅಂದಾಜನ್ನ ಬಿಟ್ಟು ಬರೆದದ್ದನ್ನ ನಂಬಬೇಕು. ಹೇಳಿ, ನಿಮ್ಮ ದಾಖಲೆಗೆ ಎಷ್ಟು ತೂಕ ಕೊಡಲಿ?"

ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಹಜರುಗಳ ಮೇಲೆ ಹಾಸನದ ಕೋರ್ಟಿನಲ್ಲಿ ಕೇಸುಗಳು ನಡೆಯುತ್ತಿದ್ದವು. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ 'ಜಾಗ ಅದೇ' ಎಂದು ಹೇಳಿ ಬಂದಿದ್ದೆ. ಸುಳ್ಳೆಂದು ಗೊತ್ತಾದರೆ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ. ಅದಕ್ಕಿಂತ ಹೆಚ್ಚಾಗಿ, ಒಂದು ಚಿತ್ತಿಲ್ಲ ಎಂದವಳ ಮುಂದೆ ಹೇಗೆ ಹೇಳಲಿ?

"ಪೂರ್ತಿ ಕೊಡಿ ಮೇಡಂ," ಎಂದೆ.

ಅವಳು ತಲೆಯಾಡಿಸಿ, ತನ್ನ ಹಾಳೆಯಲ್ಲಿ ಏನನ್ನೋ ಹೊಡೆದು ಹಾಕಿದಳು. ಮಾರ್ಚಿಯವರೆಗಿನ ಕಾಗದ ಸೇರಿಸಿಕೊಂಡು, ಸರಿ ಮಾಡಿಸಬೇಕಾದ ಜಾಗಗಳ ಪಟ್ಟಿ ಆಫೀಸಿಗೆ ಕಳಿಸುತ್ತೇನೆ, ಮತ್ತೆ ಬರುತ್ತೇನೆ ಎಂದು ಹೋದಳು.

ಅದಾಗಿ ಮೂರು ತಿಂಗಳಿಗೆ, ಒಂದು ಮಧ್ಯಾಹ್ನ, ಸೈಕಲ್ ಶಾಪಿನವನ ಹೆಂಡತಿ ತಿರುವಿನಲ್ಲಿ ಸತ್ತಳು. ಹಳೇಕೋಟೆ ಕಡೆಯ ತವರಿನಿಂದ ತಮ್ಮನ ಮೊಪೆಡ್ಡಿನ ಹಿಂದೆ ಕೂತು ಬರುತ್ತಿದ್ದಳು. ಎದುರಿಗೆ ಆಲೂಗಡ್ಡೆ ಲಾರಿ. ತಮ್ಮ ಉಳಿದ, ಕಾಲು ಹೋಯಿತು. ಶಬ್ದ ಕೇಳಿ ಯಾವಾಗಿನಂತೆ ಕೊಡ ಹಿಡಿದು ಹೋದವನು ಅವಳ ಗಂಡನೇ. ಹೋಗುವವರೆಗೆ ಅವನಿಗೆ ಗೊತ್ತಿರಲಿಲ್ಲ.

ನಾವು ಹೋದಾಗ ಅವನು ಗೇಟಿನಲ್ಲಿ ಅಂಗಡಿಯ ಮುಂದೆ ನಿಂತಿದ್ದ. ಸತ್ತವಳ ಗಂಡನನ್ನು ಪಂಚನಾಗಿ ಹಾಕುವ ಹಾಗಿಲ್ಲ. ಬೇರೆಯವರ ಸಹಿ ಮಾಡಿಸಿ, ಅವನಿಂದ ದೂರಿನ ಹೇಳಿಕೆ ತೆಗೆದುಕೊಳ್ಳಬೇಕಿತ್ತು. ಹೋಟೆಲಿನ ಮೇಜಿನ ಮೇಲೆ ಕಾಗದ ಹರಡಿದೆ. ಅವನು ಹತ್ತಿರ ಬಂದು ಮೇಜಿನ ಅಂಚು ಹಿಡಿದುಕೊಂಡ.

"ಸಾ, ಈ ಸಲನಾರ ಜಾಗ ಸರಿಯಾಗಿ ಬರಿ ಸಾ. ತೂಬಿನತ್ರ ಅಂತ. ಆ ಮೇಡಮ್ಮ ಬಂದು ನೋಡ್ತಾಳಂತಲ್ಲ, ಅವ್ಳ ಕಣ್ಣಿಗೆ ಬೀಳ್ಲಿ."

"ಬರೀತೀನಿ ಕಣಯ್ಯಾ," ಎಂದೆ.

ಬರೆಯಲೂ ಹೊರಟೆ. ದೇವರಾಣೆಗೂ ಹೊರಟಿದ್ದೆ. ಇದೊಂದನ್ನು ತಿರುವಿನಲ್ಲಿ ಬರೆದರೆ, ಉಳಿದವು ಎಲ್ಲಾದವು ಎಂದು ಆ ಎಂಜಿನಿಯರ್ ಹುಡುಗಿ ಕೇಳದೆ ಬಿಡುವುದಿಲ್ಲ. ಪೆನ್ನು ಕಾಗದಕ್ಕೆ ತಾಗಿಸಿದಾಗ ಆ ಯೋಚನೆ ಬಂತು. ಕೈ ತನ್ನಷ್ಟಕ್ಕೆ ಬರೆಯಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನಾನೇ ಬರೆದೆ. 'ಗೇಟಿನ ಹೋಟೆಲಿನ ಎದುರು.'

ಕಾಗದ ಅವನ ಕಡೆ ತಳ್ಳಿದೆ. ಯಾವತ್ತೂ ಕೇಳದವನು ಅವತ್ತು ಕೇಳಿದ, "ಓದು ಸಾ."

ನಾನು ಓದಿದೆ. ಕಾಗದದ ಮೇಲೆ ಗೇಟಿತ್ತು, ಬಾಯಲ್ಲಿ ತೂಬು ಅಂದೆ. "ಕೆರೆ ಏರಿಯ ತೂಬಿನ ತಿರುವಿನಲ್ಲಿ ನನ್ನ ಹೆಂಡತಿಯು..." ಎಂದು ನಿಧಾನವಾಗಿ, ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಓದಿದೆ. ಅವನು ಪ್ರತಿ ಮಾತಿಗೂ ಊಂಗುಟ್ಟಿದ. ಕಣ್ಣೊರೆಸಿಕೊಂಡು, ನಾಲಗೆ ಕಚ್ಚಿಕೊಂಡು ನಾಲ್ಕು ಅಕ್ಷರ ಬರೆದ. ಆಮೇಲೆ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ.

ಠಾಣೆಯಲ್ಲಿ ಕಳ್ಳರನ್ನು ಹೊಡೆಯುವಾಗ ಅವರು ಒದ್ದಾಡದಂತೆ ಕಾಲು ಹಿಡಿದುಕೊಂಡು ನಿಂತಿದ್ದೇನೆ. ಅದನ್ನಾದರೂ ಮರೆತೇನು, ಆ ಹಣೆಯ ಬಿಸಿಯನ್ನು ಮರೆಯಲಾರೆ.

ಮಾರ್ಚಿಯಲ್ಲಿ ಎಂಜಿನಿಯರ್ ಹುಡುಗಿ ಬಂದು ಹೊಸ ಕಾಗದಗಳನ್ನು ನಕಲು ಮಾಡಿಕೊಂಡು ಹೋದಳು. ನಾನು ತಲೆ ಎತ್ತಲಿಲ್ಲ. ಮಳೆಗಾಲಕ್ಕೆ ಮೊದಲು ಕೆಲಸದವರು ಬಂದು ಗೇಟಿನಲ್ಲಿ ಜಲ್ಲಿ ಸುರಿದರು. ಹೋಟೆಲಿನ ಆಚೆಗೊಂದು ಈಚೆಗೊಂದು ರಸ್ತೆ ಉಬ್ಬು, ಎಚ್ಚರಿಕೆ ಬೋರ್ಡು, ಹಳದಿ ಬಣ್ಣ. ತಿರುವಿಗೆ ಒಂದು ಬುಟ್ಟಿ ಜಲ್ಲಿಯೂ ಬೀಳಲಿಲ್ಲ.

ಸೈಕಲ್ ಶಾಪಿನವನು ಠಾಣೆಗೆ ಓಡಿ ಬಂದ. "ಸಾ, ನನ್ನಂಗ್ಡಿ ಮುಂದೆ ಆಕ್ತಾವ್ರೆ! ಇಲ್ಯಾಕೆ ಸಾ? ನೀನು ತೂಬು ಅಂತ ಬರ್ದಿದ್ಯಲ್ಲಾ?"

"ನಾನು ಸರಿಯಾಗೇ ಬರ್ದಿದ್ದೀನಿ. ಆ ಹುಡುಗೀದೇ ಏನೋ ತಪ್ಪು. ಲೆಕ್ಕದೋರಿಗೆ ನೆಲ ಎಲ್ಲಿ ಗೊತ್ತಾಯ್ತದೆ," ಎಂದೆ.

ಅಷ್ಟನ್ನೂ ಅವಳ ತಲೆಗೆ ಕಟ್ಟಿದೆ. ಅವನು ನಂಬಿ ನೇರ ಅವಳ ಹತ್ತಿರ ಹೋದ. ಅವಳು ಕೆಲಸ ನೋಡಲು ಗೇಟಿಗೆ ಬಂದಿದ್ದಳು. ಅರ್ಧ ಗಂಟೆಯಲ್ಲಿ ಜೀಪು ಕಳಿಸಿ ನನ್ನನ್ನು ಕರೆಸಿದಳು. ನಾನು ಇಳಿಯುವಾಗ ಅವಳ ಕೈಯಲ್ಲಿ ಆ ದೂರಿನ ನಕಲಿತ್ತು. ಅವನಿಗೆ ಓದಿ ಹೇಳಿಯಾಗಿತ್ತು ಎಂದು ಅವನ ಮುಖ ನೋಡಿದ ಕೂಡಲೇ ತಿಳಿಯಿತು.

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಅವನು ಮುಖ ತಿರುಗಿಸಿ ತನ್ನ ಅಂಗಡಿಯ ಕಡೆ ನೋಡುತ್ತ ನಿಂತ.

ಅವಳು ನಮ್ಮಿಬ್ಬರನ್ನೂ ತಿರುವಿಗೆ ಕರೆದುಕೊಂಡು ಹೋದಳು. ಕಾಗದದ ಕಟ್ಟು ಬಿಚ್ಚಿ ನನ್ನ ಮುಂದೆ ಹಿಡಿದಳು. "ಇದರಲ್ಲಿ ಇಲ್ಲಿ ಆದವು ಯಾವುವು? ಹೇಳಿ. ಹೆದರಬೇಡಿ. ಪಟ್ಟಿ ಇನ್ನೂ ತಿದ್ದಬಹುದು."

ಒಂದೊಂದಾಗಿ ತಿರುವಿದೆ. ಎರಡು ಗುರುತಿಸಿದೆ. ಉಳಿದವನ್ನು ನೋಡಿದರೆ ನನಗೆ ಹೊಂಗೆ ಮರ, ಹೋಟೆಲು, ಅದೇ ಅಡಿಗಳು ಕಾಣುತ್ತಿದ್ದವು. ಬರೆದದ್ದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಸೈಕಲ್ ಶಾಪಿನವನು ಕಾಗದ ನೋಡದೆ ರಸ್ತೆಗಿಳಿದ. "ಓದು ಮೇಡಮ್ಮ, ಯಾರ್ದು?" ಎಂದ. ಅವಳು ಓದಿದಳು, ಮೇಷ್ಟರ ಸ್ಕೂಟರು. "ಇಲ್ಲಿ. ಕನ್ನಡಕ ಆ ಪೊದೇಲಿ ಬಿದ್ದಿತ್ತು." ತೆಂಗಿನಕಾಯಿ ಟೆಂಪೋ. "ಇಲ್ಲಿ, ಈ ತೂಬಿನ್ ಗ್ವಾಡೆಗೆ ತಾಗಿ. ಕಾಯೆಲ್ಲಾ ಕೆರೇಲಿ ತೇಲ್ತಿದ್ವು." ಹೀಗೆ ಕೊನೆಯವರೆಗೆ. ಬಿಸಿಲಿನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತ, ಕಾಲಿನಿಂದ ನೆಲ ಮುಟ್ಟಿ ತೋರಿಸಿದ. ತನ್ನ ಹೆಂಡತಿಯದು ಬಂದಾಗ ಮಾತಾಡದೆ ಒಂದು ಕಡೆ ನಿಂತುಕೊಂಡ. ಅವಳು ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದಳು.

ಆಮೇಲೆ ನನ್ನ ಹತ್ತಿರ ಬಂದಳು. "ಇವರ ಮಾತಿನ ಮೇಲೆ ಆಫೀಸು ಪಟ್ಟಿ ಬದಲಾಯಿಸೋದಿಲ್ಲ. ಪೊಲೀಸ್ ದಾಖಲೆ ಮುಂದೆ ಅದು ನಿಲ್ಲೋದಿಲ್ಲ. ಮಹಜರಿನ ಜಾಗಗಳು ತಪ್ಪು ಅಂತ ನೀವು ಒಂದು ಸಾಲು ಬರೆದು ಸಹಿ ಮಾಡಿ. ಮಿಕ್ಕದ್ದು ನಾನು ನೋಡ್ಕೋತೀನಿ. ಈ ತಿರುವು ಈ ವರ್ಷವೇ ಸರಿಯಾಗುತ್ತೆ."

ಒಂದು ಸಾಲು. ಅವಳೇ ಪೆನ್ನು ಕೊಟ್ಟಳು. ಹಿಡಿದುಕೊಂಡೆ. ನಿವೃತ್ತಿಗೆ ನಾಲ್ಕು ವರ್ಷವಿತ್ತು. ಮುಂದಿನ ವಾರ ಹಾಸನದ ಕೋರ್ಟಿನಲ್ಲಿ ಮತ್ತೊಂದು ಸಾಕ್ಷಿ ಇತ್ತು. ಸಾಹೇಬರನ್ನು ಕೇಳಿ ಹೇಳುತ್ತೇನೆ, ಒಂದು ವಾರ ಕೊಡಿ, ಎಂದೆ.

ಸೈಕಲ್ ಶಾಪಿನವನು ಆಗ ಮಾತಾಡಿದ. ಕೂಗಲಿಲ್ಲ. "ನಂಗೆ ಬರೋದು ಅದೊಂದೇ ಸಾ, ಸೈನು. ನೀನು ಕೇಳ್ದಾಗ್ಲೆಲ್ಲಾ ಆಕೊಟ್ಟೆ. ನಿಂಗೆ ಎಲ್ಲಾ ಬತ್ತದಲ್ಲ ಸಾ, ಅದು ಮಾತ್ರ ಬರಾಕಿಲ್ವಾ?"

ನಾನು ಪೆನ್ನು ಅವಳಿಗೆ ವಾಪಸು ಕೊಟ್ಟು ಗೇಟಿನ ಕಡೆ ನಡೆದೆ.

ವಾರ ಕಳೆಯಿತು. ಅವಳು ಎರಡು ಸಲ ಬಂದಳು. ಒಮ್ಮೆ ಹಿಂಬಾಗಿಲಿನಿಂದ ಹೋದೆ, ಇನ್ನೊಮ್ಮೆ ರಜೆ ಹಾಕಿದ್ದೆ. ಆಮೇಲೆ ಅವಳಿಗೆ ವರ್ಗವಾಯಿತೆಂದು ಕೇಳಿದೆ. ಪಟ್ಟಿ ಇದ್ದ ಹಾಗೆಯೇ ಹೋಯಿತು. ಹೊಸ ರಸ್ತೆ ಕೆರೆಯನ್ನು ಬಿಟ್ಟು ಬೇರೆ ಕಡೆಯಿಂದ ಹೋಗುವವರೆಗೆ ತಿರುವು ತಿರುವಾಗಿಯೇ ಇತ್ತು. ಅಷ್ಟರಲ್ಲಿ ನಾನು ಪೂರ್ತಿ ಪೆನ್ಶನ್ ತೆಗೆದುಕೊಂಡು ನಿವೃತ್ತನಾಗಿದ್ದೆ. ಆ ವರ್ಷಗಳಲ್ಲಿ ಅಲ್ಲಿ ಸತ್ತವರಲ್ಲಿ ನಾಲ್ಕು ಜನರ ಮಹಜರು ನನ್ನ ಅಕ್ಷರದಲ್ಲೇ ಇವೆ. ಆ ನಾಲ್ಕನ್ನೂ ತಿರುವಿನಲ್ಲೇ ಬರೆದೆ, ಉಳಿದವು ಎಲ್ಲಾದವು ಎಂದು ಕೇಳುವವರು ಆಗ ಯಾರೂ ಇರಲಿಲ್ಲ. ಸೈಕಲ್ ಶಾಪಿನವನು ನನ್ನ ಯಾವ ಕಾಗದಕ್ಕೂ ಮತ್ತೆ ಸಹಿ ಹಾಕಲಿಲ್ಲ. ನಮ್ಮ ಜೀಪು ಬಂದರೆ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಹೋಗುತ್ತಿದ್ದ. ಹೋಟೆಲಿನವನು ಕಾಫಿ ತಂದಿಟ್ಟು, ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ತಮಾಷೆ ಮಾಡುತ್ತಿರಲಿಲ್ಲ.