ಒಂದು ಉಗುರಿನ ಸಂದು

ಮೇಸ್ತ್ರಿಯ ಅಜ್ಜ ಬಂಡಿ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹೊಡೆಯುತ್ತಿದ್ದವನು. ಬಂಡಿ ಹಳ್ಳಕ್ಕೆ ಉರುಳಿ ಮುರಿದು ಬಿದ್ದರೂ ಅಜ್ಜ ಹೊಡೆದ ಪಟ್ಟಿ ಕಳಚುತ್ತಿರಲಿಲ್ಲ. ಅಪ್ಪ ಸೈಕಲ್ ಅಂಗಡಿ ಇಟ್ಟ. ಕಣ್ಣು ಮುಚ್ಚಿ ಚಕ್ರದ ಕಡ್ಡಿಗಳ ಮೇಲೆ ಬೆರಳಾಡಿಸಿ, ಯಾವುದು ಸಡಿಲ ಎಂದು ಹೇಳಿಬಿಡುತ್ತಿದ್ದ. ಇಬ್ಬರೂ ಕೈಯನ್ನೇ ನಂಬಿ ಬದುಕಿದವರು. ಆ ಕೈಯನ್ನು ಯಾರ ಮುಂದೂ ಚಾಚಿದವರಲ್ಲ. ಆ ಸಾಲಿನಲ್ಲಿ ಮೂರನೆಯವನು ಬೈಕ್ ರಿಪೇರಿಯ ಈ ಮೇಸ್ತ್ರಿ.

ಜನ ಅವನನ್ನು ಉಗುರು ಮೇಸ್ತ್ರಿ ಎಂದು ಕರೆಯುವುದಕ್ಕೆ ಕಾರಣವುಂಟು. ಹ್ಯಾಂಡಲ್‌ಗೆ ಹೊಸ ಗ್ರಿಪ್ ಹಾಕುವಾಗ ಎಕ್ಸಿಲೇಟರ್ ಕಡೆಯ ರಬ್ಬರನ್ನು ಪೂರ್ತಿ ಒಳಕ್ಕೆ ತಳ್ಳಬಾರದು. ಅದಕ್ಕೂ ಸ್ವಿಚ್ಚಿನ ಡಬ್ಬಿಗೂ ನಡುವೆ ಒಂದು ಉಗುರಿನಷ್ಟು ಸಂದು ಬೇಕು. ಇಲ್ಲದಿದ್ದರೆ ರಬ್ಬರು ಡಬ್ಬಿಗೆ ಕಚ್ಚಿಕೊಂಡು, ತಿರುಗಿಸಿದ ಎಕ್ಸಿಲೇಟರ್ ವಾಪಸ್ ಬರುವುದಿಲ್ಲ. ಸವಾರ ಕೈ ಬಿಟ್ಟರೂ ಗಾಡಿ ಓಡುತ್ತಲೇ ಇರುತ್ತದೆ. ಉಳಿದವರು ಕಣ್ಣಳತೆಯಲ್ಲಿ ಬಿಡುವ ಸಂದನ್ನು ಇವನು ಹೆಬ್ಬೆರಳಿನ ಉಗುರು ತೂರಿಸಿಯೇ ನೋಡಬೇಕು.

ಹೋದ ವಾರ ಹೆಂಡತಿ ಅಂಗಡಿಗೆ ಚಹಾ ತಂದಾಗ ಏನೋ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಗಂಡ ಕಾದ ಸೈಲೆನ್ಸರ್ ಮೇಲೆ ಅಂಗೈ ಊರಿಕೊಂಡು ಗಿರಾಕಿಯ ಜೊತೆ ನಗುತ್ತಾ ಮಾತಾಡುತ್ತಿದ್ದಾನೆ. ಕೈ ಹಿಡಿದೆಳೆದರೆ, "ಏನಾಯ್ತೇ?" ಎಂದು ಅವಳನ್ನೇ ಕೇಳಿದ. ಆಮೇಲೆ ಅಂಗೈ ನೋಡಿಕೊಂಡು ಮುಖ ಗಂಟಿಕ್ಕಿದ. "ಮಗಳ ಕಿವಿಗೆ ಇದು ಬೀಳಬಾರದು."

ಈ ಬೆಳಿಗ್ಗೆ, ಚಹಾ ತಂದ ತಾಯಿ ಇನ್ನೂ ಅಂಗಡಿಯಲ್ಲೇ ಇದ್ದಾಗ, ಮಗಳು ಬೈಕನ್ನು ಬಾಗಿಲ ಮುಂದೆ ನಿಲ್ಲಿಸಿದಳು.

"ಅಪ್ಪಾ, ಗ್ರಿಪ್ ಕರಗಿ ಅಂಟಂಟಾಗಿದೆ. ನನ್ನ ಕೈ ಕುಲುಕಿದವರೆಲ್ಲ ಸೋಪು ಹುಡುಕ್ತಾರೆ. ಬೇಗ ಹಾಕ್ಕೊಡು, ಡ್ಯೂಟಿಗೆ ಹೊತ್ತಾಯ್ತು."

"ಎಷ್ಟು ದಿನದಿಂದ ಬಡ್ಕೊಂಡೆ! ಮಹಾರಾಣಿಗೆ ಈಗ ಪುರುಸೊತ್ತಾಯ್ತಾ?"

ಅವಳು ಕೆಲಸ ಮಾಡುವ ಫ್ಯಾಕ್ಟರಿ ಇಳಿಜಾರಿನ ಬುಡದಲ್ಲಿದೆ. ರಸ್ತೆ ನೇರ ಕೆಳಗಿಳಿದು, ಲಾರಿಗಳು ಸಾಲುಗಟ್ಟುವ ಗೇಟಿನ ಮುಂದೆ ತಟ್ಟನೆ ತಿರುಗುತ್ತದೆ. ತಾಯಿಯ ಕಣ್ಣಿಗೆ ಆ ತಿರುವೇ ಕಟ್ಟಿತು.

"ಇವತ್ತು ಬಸ್ಸಲ್ಲಿ ಹೋಗು ಮಗಳೇ."

"ಯಾಕಮ್ಮಾ?"

"ಸುಮ್ನೆ ಅಂದೆ."

ಗಂಡ ಕೆಕ್ಕರಿಸಿ ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ಹಳೇ ರಬ್ಬರನ್ನು ಬ್ಲೇಡಿನಿಂದ ಸೀಳಿ ಕಿತ್ತ. ಪೈಪನ್ನು ಪೆಟ್ರೋಲಿನಲ್ಲಿ ಒರೆಸಿ, ಹೊಸ ಗ್ರಿಪ್ಪಿನೊಳಗೆ ಸೋಪಿನ ನೀರು ಸವರಿದ. ಎಡಗಡೆಯದು ಸಲೀಸಾಗಿ ಕೂತಿತು. ಬಲಗಡೆಯದನ್ನು ಮೈಭಾರ ಬಿಟ್ಟು ತಳ್ಳಿದ. ಆಮೇಲೆ, ಎಂದಿನಂತೆ, ಹೆಬ್ಬೆರಳು ಚಾಚಿದ.

ಹೆಂಡತಿ ಬಗ್ಗಿ ನೋಡಿದಳು. ಉಗುರು ಒಳಗೆ ಹೋಗಿರಲಿಲ್ಲ. ರಬ್ಬರಿಗೆ ಒತ್ತಿ ಹಿಂದಕ್ಕೆ ಮಡಚಿಕೊಂಡಿತ್ತು, ಬುಡದಲ್ಲಿ ರಕ್ತ ಜಿನುಗುತ್ತಿತ್ತು. ಅಲ್ಲಿ ಸಂದೇ ಇರಲಿಲ್ಲ.

"ಸಂದು ಸರಿಯಾಗಿದೆ. ಹೊರಡು," ಎಂದ ಮೇಸ್ತ್ರಿ, ನೆಮ್ಮದಿಯಿಂದ.

ಮಗಳು ಗಾಡಿ ಸ್ಟಾರ್ಟ್ ಮಾಡಿ, ಸ್ಟ್ಯಾಂಡ್ ತೆಗೆಯಲು ಕಾಲು ಚಾಚಿದಳು. ತಾಯಿಗೆ ಇನ್ನು ತಡೆಯಲಾಗಲಿಲ್ಲ.

"ಸ್ಟ್ಯಾಂಡ್ ಇರಲಿ. ಒಂದ್ಸಲ ಎಕ್ಸಿಲೇಟರ್ ತಿರುಗಿಸಿ ಕೈ ಬಿಡು."

"ನಿಂಗೇನಮ್ಮಾ ಇವತ್ತು?" ಎನ್ನುತ್ತಾ ಅವಳು ತಿರುಗಿಸಿ ಕೈ ಬಿಟ್ಟಳು.

ಎಂಜಿನ್ನಿನ ಸದ್ದು ಇಳಿಯಲಿಲ್ಲ. ಗಾಡಿ ನಿಂತಲ್ಲೇ ಅರಚುತ್ತಾ ನಡುಗಿತು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದ. ಮಗಳು ಕೀಲಿ ತಿರುಗಿಸಿ ಆಫ್ ಮಾಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅಪ್ಪನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಸುಟ್ಟ ಅಂಗೈಯ ಬೊಬ್ಬೆ, ಕಿತ್ತ ಉಗುರು ಎಲ್ಲವೂ ಕಂಡವು.

"ಅಪ್ಪಾ, ನೋವಾಗ್ತಿಲ್ವಾ ನಿಂಗೆ?"

ಅವನು ಕೈ ಕಸಿದುಕೊಂಡ.

"ಗ್ರಿಪ್ ನಾನೇ ಕೀಳ್ತೀನಿ ಬಿಡಪ್ಪಾ. ಅಮ್ಮಾ, ಕೈಗೆ ಕಟ್ಟೋಕೆ ಬಟ್ಟೆ ಕೊಡು. ಮೊದಲು ಡಾಕ್ಟರ ಹತ್ರ ಹೋಗೋಣ."

ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಚಿನ ಮೇಲೆ, ಸ್ಪ್ಯಾನರುಗಳ ನಡುವೆ, ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದ. ಗ್ರಿಪ್ ಸೀಳಲು ಆಗಲೇ ಎತ್ತಿಕೊಂಡಿದ್ದ ಬ್ಲೇಡು ಅವನ ಎಡಗೈಯ ಮುಷ್ಟಿಯಲ್ಲೇ ಇತ್ತು. ಬಿಗಿ ಹಿಡಿದ ಬೆರಳುಗಳ ಸಂದಿಯಿಂದ ಕೆಂಪು ಹನಿ ಬೀಳತೊಡಗಿದ್ದನ್ನು ತಾಯಿ ಮಗಳಿಬ್ಬರೂ ನೋಡಿದರು.

"ಇಬ್ಬರೂ ದೂರ ಸರೀರಿ," ಎಂದ ಅವನು. "ನನ್ನ ಕೈ ನೆಟ್ಟಗಿದೆ. ಡಾಕ್ಟರೂ ಬೇಡ, ನಿಮ್ಮ ಬಟ್ಟೆಯೂ ಬೇಡ. ನಾನು ಹಾಕಿದ್ದನ್ನ ನಾನೇ ತೆಗೀತೀನಿ. ಬ್ಲೇಡು ಎಲ್ಲಿಟ್ಟೆ ಅಂತ ಹೇಳಿದ್ರೆ ಸಾಕು."